ಮಗಳಿಗೊಂದು ಪತ್ರ: ಮಿಕ್ಕಿದ ಹುಣಸೆಹಣ್ಣು

ಪುಟ್ಟಿ,

ನೀನು ಹಾಸ್ಟೆಲ್ ಸೇರಿ ಒಂಬತ್ತು ದಿನ ಆಯ್ತು. ಫೋನ್ ಮಾಡಿದರೆ "ಊಟ ಆಯ್ತಮ್ಮ, ಇಡ್ತೀನಿ" ಅಂತೀಯ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದವನ್ನು ಅರ್ಧಕ್ಕೆ ಕಟ್ ಮಾಡೋಕೆ ಆಗಲ್ಲ ಅಲ್ವಾ?

ಆವತ್ತು ನಾವಿಬ್ಬರೂ ಆಡಿದ ಮಾತು ಇಲ್ಲಿ ಬೇಡ. ಹುಣಸೆಹಣ್ಣಿನ ವಿಚಾರ ಮಾತ್ರ ಹೇಳುತ್ತೇನೆ.

ಹಬ್ಬದ ಹಿಂದಿನ ದಿನ ದೇವರ ಸಾಮಾನು ತೊಳೆಯುತ್ತಿದ್ದೆ. ದೀಪ, ತಟ್ಟೆ, ಪಂಚಪಾತ್ರೆ ಎಲ್ಲಾ ಆಯ್ತು. ನೆನೆಸಿದ ಹುಣಸೆಹಣ್ಣು ಇನ್ನೂ ಒಂದು ಹಿಡಿ ಮಿಕ್ಕಿತ್ತು. ಮಿಕ್ಕಿದ್ದೇ ತಪ್ಪು ನೋಡು. ನಿನ್ನ ಮೇಜಿನ ಮೇಲೆ ತಾತನ ಆನೆ ಕಾಸು ಕಪ್ಪಗೆ ಕೂತಿತ್ತು. ಪಾಪ, ಇದನ್ನೂ ಲಕ್ಷಣವಾಗಿ ಮಾಡಿಕೊಡೋಣ ಅಂದುಕೊಂಡೆ. ತೆಂಗಿನ ನಾರು, ಒಂದು ಚಿಟಿಕೆ ಉಪ್ಪು. ಎರಡೇ ನಿಮಿಷಕ್ಕೆ ಹೊಸ ತಂಬಿಗೆ ಹಾಗೆ ಹೊಳೆಯಿತು. ನಿನ್ನನ್ನು ಖುಷಿಯಿಂದ ಕೂಗಿ ಕರೆದಿದ್ದೂ ನಾನೇ.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರ. ಒಂದು ಕಡೆ ಆನೆ, ಅದರ ಮೇಲೆ ಶ್ರೀ, ಅಕ್ಕಪಕ್ಕ ಸೂರ್ಯ ಚಂದ್ರ. ಇನ್ನೊಂದು ಕಡೆ "ಮಯಿಲಿ ಕಾಸು ೨೦". ನೀನು ಅದನ್ನು ಮೊದಲ ಸಲ ಓದಿ "ಅಮ್ಮಾ, ದುಡ್ಡಿನ ಮೇಲೆ ಕನ್ನಡ!" ಅಂತ ಅಡುಗೆಮನೆಗೆ ಓಡಿ ಬಂದಿದ್ದೆ. ಈಗ ಆ ಶ್ರೀ ಪಕ್ಕ ನನ್ನ ನಾರಿನ ಗೀರು. ಆ ಕಪ್ಪು ಕೊಳೆ ಅಲ್ಲ, ವರ್ಷಗಟ್ಟಲೆ ಗಾಳಿಗೆ ತಾಮ್ರ ತಾನೇ ಹೊದ್ದುಕೊಂಡ ಪದರ, ಒಳಗಿನ ಲೋಹವನ್ನು ಕಾಯೋದೇ ಅದು ಅಂತ ನೀನು ಅಳುತ್ತಾ ಹೇಳಿದೆ. "ತೊಳೆದರೆ ಏನೀಗ, ಕಾಸು ಕಾಸೇ ತಾನೆ" ಅಂದುಬಿಟ್ಟೆ. ತಪ್ಪಾಯ್ತು ಕಣೇ. ಈಗ ಸಾರಿಗೆ ಹುಣಸೆಹಣ್ಣು ನೆನೆಸುವಾಗಲೆಲ್ಲ ಅದೇ ನೆನಪು.

ಇನ್ನೊಂದಿದೆ, ನಗಬೇಡ. ಅದರ ಬದಲು ಕೊಡೋಣ ಅಂತ ಜಾತ್ರೆಯಲ್ಲಿ 600 ರೂಪಾಯಿಗೆ ಒಂದು ನಾಣ್ಯ ತಂದೆ. ಈಸ್ಟ್ ಇಂಡಿಯಾ ಕಂಪನಿ, 1818, ರಾಮ ಸೀತೆ. ಎದುರುಮನೆ ಮೇಷ್ಟ್ರು ನೋಡಿದ ತಕ್ಷಣ ನಕ್ಕರು. ಕಂಪನಿ ಅಂಥ ನಾಣ್ಯ ಹೊರಡಿಸಲೇ ಇಲ್ಲವಂತೆ, ಮಾರೋಕೆ ಅಂತಲೇ ಮಾಡಿದ ಬಿಲ್ಲೆ. ನಿಮ್ಮಪ್ಪನಿಗೆ 200 ಅಂತ ಹೇಳಿದ್ದೇನೆ.

ನೀನು ಮೋಸ ಹೋಗಬೇಡ. ವೈಷ್ಣೋದೇವಿ ಇರುವ 5 ರೂಪಾಯಿಗೆ ಲಕ್ಷ ಕೊಡ್ತೀವಿ, ಮೊದಲು ಕಮಿಷನ್ ಕಟ್ಟಿ ಅಂತ ಯಾರಾದರೂ ಮೆಸೇಜ್ ಮಾಡಿದರೆ ಉತ್ತರವನ್ನೇ ಕೊಡಬೇಡ. ಇಂಥವರನ್ನು ನಂಬಬೇಡಿ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಹೇಳಿದೆ. ಮೆಸ್ ದುಡ್ಡಲ್ಲಿ ನಾಣ್ಯ ಕೊಳ್ಳಬೇಡ. ಮೆತ್ತಗಿನ ಪಿವಿಸಿ ಕವರಲ್ಲಿ ಇಡಬೇಡ, ಹಸಿರು ಜಿಗುಟು ಬರುತ್ತೆ. ಅಂಚು ಮಾತ್ರ ಹಿಡಿ. ರಾತ್ರಿ ಮೊಸರನ್ನ ಬಿಡಬೇಡ. ನೋಡು, ನಿನ್ನಿಂದ ಕಲಿತದ್ದನ್ನೇ ನಿನಗೆ ಪಾಠ ಹೇಳುತ್ತಿದ್ದೇನೆ.

ನಿನ್ನೆ ಅಂಗಡಿಯವರು ಚಿಲ್ಲರೆ ಕೊಟ್ಟಾಗ ಅಲ್ಲೇ ನಿಂತು ಇಸವಿ ಕೆಳಗೆ ನೋಡಿದೆ. ಯಾವ ಟಂಕಸಾಲೆಯಲ್ಲಿ ಅಚ್ಚಾಯ್ತು ಅನ್ನೋ ಗುರುತು ಅಲ್ಲೇ ತಾನೆ ಇರೋದು: ನಕ್ಷತ್ರ ಇದ್ದರೆ ಹೈದರಾಬಾದ್, ವಜ್ರ ಇದ್ದರೆ ಮುಂಬೈ, ದುಂಡು ಚುಕ್ಕಿ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. "ಯಾರು ಹೇಳಿಕೊಟ್ಟಿದ್ದು?" ಅಂತ ಕೇಳಿದರು. "ನನ್ನ ಮಗಳು" ಅಂದೆ, ಸ್ವಲ್ಪ ಜೋರಾಗೇ.

ಹನ್ನೊಂದು ನಾಣ್ಯ ಆಗಿವೆ, ಹಾರ್ಲಿಕ್ಸ್ ಬಾಟಲಿಯಲ್ಲಿ ಇಟ್ಟಿದ್ದೇನೆ. ಮೂರರಲ್ಲಿ ಇರೋದು ಚುಕ್ಕಿಯೋ ಸವೆದ ವಜ್ರವೋ ನನ್ನ ಕನ್ನಡಕಕ್ಕೆ ತಿಳಿಯುತ್ತಿಲ್ಲ. ಊರಿಗೆ ಬಂದಾಗ ನೀನೇ ನೋಡು. ಒಂದನ್ನೂ ತೊಳೆದಿಲ್ಲ.

ನಿನ್ನ ಅಮ್ಮ