ರಕ್ತ ಕಮ್ಮಿ, ಕಬ್ಬಿಣ ಜಾಸ್ತಿ: ಪುಟ್ಟಿಗೆ ದೊಡ್ಡಮ್ಮನ ಪತ್ರ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ರಿಪೋರ್ಟನ್ನು ಕನ್ನಡಕ ಹಾಕಿಕೊಂಡು ಎರಡೆರಡು ಸಲ ಓದಿದೆ. ಹಿಮೋಗ್ಲೋಬಿನ್ (ಎಚ್‌ಬಿ) 10.1. ಅದರ ಕೆಳಗೆ ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ, 340, ಪಕ್ಕದಲ್ಲಿ ದಪ್ಪಕ್ಷರದಲ್ಲಿ 'ಹೈ'. "ರಕ್ತ ಕಮ್ಮಿ, ಕಬ್ಬಿಣ ಜಾಸ್ತಿ, ಇದು ಹೇಗೆ ದೊಡ್ಡಮ್ಮ?" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಬಾಣಂತನದಲ್ಲಿ ಎಚ್‌ಬಿ 9.5 ಇತ್ತು. ಐರನ್ ಮಾತ್ರೆ ಬರೆದುಕೊಟ್ಟರು. ಮೂರು ತಿಂಗಳಾದ ಮೇಲೆ 9.6. ಇನ್ನೂ ಮೂರು ತಿಂಗಳು ಅಂದರು. ಹೀಗೇ ಒಂಬತ್ತು ವರ್ಷ ನುಂಗಿದೆ. ಹೊಟ್ಟೆ ಕಟ್ಟುತ್ತಿತ್ತು, ಬಾಯೆಲ್ಲ ತುಕ್ಕಿನ ರುಚಿ. ನಿಮ್ಮಜ್ಜಿ ನುಗ್ಗೆಸೊಪ್ಪು, ಖರ್ಜೂರ, ಬೀಟ್‌ರೂಟ್ ಅಂತ ತಿನ್ನಿಸಿದ್ದೇ ತಿನ್ನಿಸಿದ್ದು. ಎಚ್‌ಬಿ ಮಾತ್ರ ಕದಲಲಿಲ್ಲ.

ಕೊನೆಗೆ ಬೇರೊಬ್ಬ ಡಾಕ್ಟರಮ್ಮ ರಿಪೋರ್ಟಿನ ಎಂಸಿವಿ, ಅಂದರೆ ಕೆಂಪು ಕಣದ ಗಾತ್ರ, ಅನ್ನೋ ಸಾಲಿನ ಮೇಲೆ ಪೆನ್ನಿಟ್ಟರು. 64 ಇತ್ತು. "ನಿಮ್ಮ ಕೆಂಪು ಕಣಗಳು ತೀರಾ ಚಿಕ್ಕವು, ಆದರೆ ಲೆಕ್ಕದಲ್ಲಿ ಜಾಸ್ತಿ ಇವೆ. ಬರೀ ಐರನ್ ಕೊರತೆಯಾದರೆ ಸಾಮಾನ್ಯವಾಗಿ ಹೀಗಿರಲ್ಲ" ಅಂದರು. ಎಚ್‌ಬಿ ಎ2 ಪರೀಕ್ಷೆ ಮಾಡಿಸಿದರು, ಹಿಮೋಗ್ಲೋಬಿನ್ನಿನ ಒಂದು ಬಗೆ ಎಷ್ಟಿದೆ ಅಂತ ನೋಡುವುದು ಅದು. 3.5 ಪರ್ಸೆಂಟಿಗಿಂತ ಕಮ್ಮಿ ಇರಬೇಕಾದ್ದು 5.3 ಬಂತು. ಥಲಸ್ಸೀಮಿಯಾ ಮೈನರ್, ಅಂದರೆ ಕಬ್ಬಿಣ ಸಾಕಷ್ಟಿದ್ದರೂ ಮೈ ಹಿಮೋಗ್ಲೋಬಿನ್ ಸರಿಯಾಗಿ ಕಟ್ಟದ ಕಾಯಿಲೆಯ ಸೌಮ್ಯ ರೂಪ. ಹುಟ್ಟಿನಿಂದಲೇ ಬಂದದ್ದು, ಎಷ್ಟು ಮಾತ್ರೆ ತಿಂದರೂ ಹೋಗುವಂಥದ್ದಲ್ಲ. ಅಷ್ಟೂ ವರ್ಷದಲ್ಲಿ ಒಬ್ಬರೂ ಒಂದು ಸಲ ಫೆರಿಟಿನ್ ನೋಡೋಣ ಅನ್ನಲಿಲ್ಲವಲ್ಲ ಅನ್ನೋ ಸಂಕಟ ನನಗೆ ಇವತ್ತಿಗೂ ಇದೆ.

ಮಾತ್ರೆಯನ್ನು ದೂರುತ್ತಿಲ್ಲ ಮಗಳೇ. ನಮ್ಮಲ್ಲಿ ಬಹಳ ಹೆಣ್ಣುಮಕ್ಕಳಿಗೆ ಕಬ್ಬಿಣ ನಿಜವಾಗಿಯೂ ಸಾಲದು, ಅವರಿಗೆ ಅದು ಬೇಕೇ ಬೇಕು. ಬೇಡದವರು ತಿಂದರೆ ಕಷ್ಟ. ನಮ್ಮ ಮೈಯಲ್ಲಿ ಇರುವುದೇ ಮೂರ್ನಾಲ್ಕು ಗ್ರಾಂ ಕಬ್ಬಿಣ. ದಿನಕ್ಕೆ ಒಂದೆರಡು ಮಿಲಿಗ್ರಾಂ ಒಳಗೆ ಬರುತ್ತದೆ, ಅಷ್ಟೇ ಹೋಗುತ್ತದೆ. ಉಪ್ಪು ಜಾಸ್ತಿಯಾದರೆ ಮೂತ್ರದಲ್ಲಿ ಹೋಗುತ್ತದೆ, ಹೆಚ್ಚಾದ ಕಬ್ಬಿಣಕ್ಕೆ ಹಾಗೆ ಹೊರಗೆ ಹೋಗುವ ದಾರಿ ಇಲ್ಲ. ಮಿಕ್ಕಿದ್ದು ಲಿವರಿನಲ್ಲಿ, ಹೃದಯದಲ್ಲಿ, ಪ್ಯಾಂಕ್ರಿಯಾಸಿನಲ್ಲಿ ಕೂರುತ್ತದೆ. ವರ್ಷಗಟ್ಟಲೆ ಕೂತರೆ ಸುಸ್ತು, ಬೆರಳಿನ ಗಿಣ್ಣು ನೋವು, ಸಕ್ಕರೆ ಕಾಯಿಲೆ, ಲಿವರ್ ಕೆಡುವುದು.

ಹಾಗಂತ 340 ನೋಡಿ ಹೆದರಬೇಡ. ಹೋದ ತಿಂಗಳು ನಿನಗೆ ಡೆಂಗ್ಯೂ ಬಂದಿತ್ತಲ್ವಾ? ಜ್ವರ ಬಂದರೂ, ಮೈಯಲ್ಲಿ ಎಲ್ಲಾದರೂ ಉರಿಯೂತ ಇದ್ದರೂ, ಲಿವರಿನಲ್ಲಿ ಕೊಬ್ಬು ಸೇರಿದ್ದರೂ ಫೆರಿಟಿನ್ ಏರುತ್ತದೆ. ಆಗ ಕಬ್ಬಿಣ ನಿಜವಾಗಿ ಜಾಸ್ತಿ ಇರಲೇಬೇಕು ಅಂತಿಲ್ಲ. ಪೂರ್ತಿ ಸುಧಾರಿಸಿಕೊಂಡ ಮೇಲೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಪರೀಕ್ಷೆಗೆ ಮತ್ತೆ ರಕ್ತ ಕೊಡು. ಜೊತೆಗೆ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಕೇಳು, ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನು ಎಷ್ಟು ತುಂಬಿದೆ ಅನ್ನೋದು ಅದು. ಅದು 45 ಪರ್ಸೆಂಟಿಗಿಂತ ಮೇಲೆ ಬಂದರೆ ರಕ್ತದ ಡಾಕ್ಟರನ್ನೇ ನೋಡಬೇಕು.

ಅಮ್ಮ ಕೊಡುತ್ತಿರುವ ಆ ಕೆಂಪು ಐರನ್ ಟಾನಿಕ್ ಸದ್ಯಕ್ಕೆ ಪಕ್ಕಕ್ಕಿಡು. ಅವಳು ಬೇಜಾರಾದರೆ ನಾನು ಮಾತಾಡುತ್ತೇನೆ. ಸೊಪ್ಪು ಬಿಡಬೇಡ, ಕಬ್ಬಿಣದ ಕಾವಲಿಯನ್ನೂ ಅಟ್ಟಕ್ಕೆ ಹಾಕಬೇಡ. ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದೇ ಸ್ವಲ್ಪ. ಜಾಸ್ತಿಯಾಗಿದ್ದರೆ ರಕ್ತದಾನ ಮಾಡಿಬಿಡ್ತೀನಿ ಅಂದಿದ್ದೆ. ಎಚ್‌ಬಿ 10ಕ್ಕೆ ನಿನ್ನ ರಕ್ತ ಯಾರೂ ತೆಗೆದುಕೊಳ್ಳುವುದಿಲ್ಲ, ತೆಗೆದುಕೊಳ್ಳಲೂಬಾರದು.

ಎಚ್‌ಬಿ ಎ2 ಮಾತ್ರ ತಪ್ಪಿಸಬೇಡ. ನಾನೂ ನಿಮ್ಮಮ್ಮನೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ನಿನಗೂ ಇದು ಬಂದಿರಬಹುದು. ಮದುವೆ ಮಾತು ನಡೆಯುತ್ತಿದೆ, ಗೊತ್ತು. ನಿನ್ನದು ಮೈನರ್ ಅಂತ ಬಂದರೆ ಹುಡುಗನಿಗೂ ಅದೇ ಪರೀಕ್ಷೆ ಮಾಡಿಸಲಿ. ಇಬ್ಬರಿಗೂ ಇದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಮೇಜರ್, ಅಂದರೆ ಇದರ ತೀವ್ರ ರೂಪ, ಬರುವ ಸಂಭವ ನಾಲ್ಕರಲ್ಲಿ ಒಂದು. ಆ ಮಕ್ಕಳಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಒಂದೊಂದು ಬಾಟಲಿಯಲ್ಲೂ 200 ಮಿಲಿಗ್ರಾಂಗಿಂತ ಜಾಸ್ತಿ ಕಬ್ಬಿಣ ಒಳಗೆ ಹೋಗುತ್ತದೆ. ಅದನ್ನು ಹೊರಗೆ ಹಾಕಲು ಮತ್ತೆ ದಿನಾ ಔಷಧಿ. ಹುಡುಗನ ಮನೆಯವರ ಹತ್ತಿರ ಇದನ್ನು ಕೇಳುವುದಕ್ಕೆ ನಿನಗೆ ಮುಜುಗರ ಆದರೆ ನಾನೇ ಬಂದು ಕೂತು ಕೇಳುತ್ತೇನೆ.

ಅಮ್ಮನನ್ನೂ ಲ್ಯಾಬಿಗೆ ಕರೆದುಕೊಂಡು ಹೋಗು. ಇಬ್ಬರ ರಿಪೋರ್ಟೂ ಬಂದ ದಿನವೇ ಕಳಿಸು.

ನಿನ್ನ ದೊಡ್ಡಮ್ಮ