ಕುದುರೆ ಮಸಾಲೆಗೆ ಒಳ್ಳೆ ಬೀಜ ಕೊಡಿ

ಮಾನ್ಯರೇ,

ಹಿಂಡಿ, ಬೂಸಾ ರೇಟು ಏರಿದಾಗಲೆಲ್ಲ ‘ಹಸಿರು ಮೇವು ಬೆಳೆಯಿರಿ’ ಅಂತ ಉಪದೇಶ ಬರುತ್ತದೆ. ಸರಿ, ಬೆಳೆಯೋಣ. ಆದರೆ ನಮ್ಮ ಕಡೆ ಸುಲಭವಾಗಿ ಸಿಗುವುದು ಮುಸುಕಿನ ಜೋಳದ ಬೀಜ, ನೇಪಿಯರ್ ಹುಲ್ಲಿನ ತುಂಡು, ಅಷ್ಟೇ. ಹೊಟ್ಟೆ ತುಂಬಿಸಲು ಅವು ಸಾಕು. ಹಿಂಡಿಯ ಖರ್ಚು ಇಳಿಯಬೇಕಾದರೆ ಪ್ರೋಟೀನ್ ಇರುವ ಮೇವು ಬೇಕಲ್ವಾ?

ಅದಕ್ಕೇ ನಾವು ಐದು ಗುಂಟೆಯಲ್ಲಿ ಕುದುರೆ ಮಸಾಲೆ ಅನ್ನುವ ಮೇವಿನ ಸೊಪ್ಪು ಹಾಕಿದ್ದೆವು. ಅಂಗಡಿಯವರು ಲೂಸರ್ನ್ ಅನ್ನುತ್ತಾರೆ. ಎಕರೆಗೆ 6ರಿಂದ 8 ಕಿಲೋ ಬೀಜದ ಲೆಕ್ಕದಲ್ಲಿ ನಮಗೆ ಬೇಕಾದದ್ದು ಒಂದೇ ಕಿಲೋ. ಮೊದಲ ಕೊಯ್ಲಿಗೆ ಸುಮಾರು ಎರಡು ತಿಂಗಳು. ಆಮೇಲೆ 25–30 ದಿನಕ್ಕೊಮ್ಮೆ ಕೊಯ್ಯುತ್ತಾ ಹೋಗಬಹುದು. ಆರ್‌ಎಲ್-88ರಂಥ ಬಹುವಾರ್ಷಿಕ ತಳಿಯಾದರೆ, ನೀರು ನಿಲ್ಲದ ಜಾಗದಲ್ಲಿ ಮೂರು ವರ್ಷ ಮತ್ತೆ ಬಿತ್ತುವ ತಾಪತ್ರಯವೇ ಇಲ್ಲ. ಬೇರಿನ ಗಂಟುಗಳು ಗಾಳಿಯ ಸಾರಜನಕ ಹಿಡಿದಿಡುವುದರಿಂದ ಮುಂದಿನ ರಾಗಿಗೆ ಯೂರಿಯಾ ಕಡಿಮೆ ಸಾಕು. ಹಸು ಆಸೆಪಟ್ಟು ತಿನ್ನುತ್ತದೆ ಅಂತ ಬರೀ ಇದನ್ನೇ ಹಾಕುವಂತಿಲ್ಲ, ಹೊಟ್ಟೆ ಉಬ್ಬರಿಸುತ್ತದೆ. ಕೊಯ್ದು ಬಾಡಿಸಿ, ರಾಗಿ ಹುಲ್ಲಿನ ಜೊತೆ ಬೆರೆಸಿ ಹಾಕಬೇಕು.

ಇಷ್ಟು ಒಳ್ಳೆಯ ಬೆಳೆಯನ್ನು ಹಾಳು ಮಾಡಿದ್ದು ಬೀಜ. ಲೇಬಲ್ ಇಲ್ಲದ, ಚೀಲದಿಂದ ತೂಗಿಕೊಟ್ಟ ಬೀಜ. ಒಂದೆರಡು ಕೊಯ್ಲು ಆಗುವಷ್ಟರಲ್ಲಿ ಸಾಲಿನ ಮೇಲೆ ಎಲೆಯಿಲ್ಲದ ಹಳದಿ ಬಳ್ಳಿ ನೂಲಿನ ಹಾಗೆ ಸುತ್ತಿಕೊಂಡಿತು. ಅದೇ ಕಸ್ಕುಟಾ ಅನ್ನುವ ಕಳೆ. ನೆಲದಲ್ಲಿ ಮೊಳೆತು, ಗಿಡಕ್ಕೆ ಹತ್ತಿಕೊಂಡ ಮೇಲೆ ಅದಕ್ಕೆ ತನ್ನ ಬೇರೂ ಬೇಡ, ಗಿಡದ ರಸ ಹೀರಿಕೊಂಡೇ ಬದುಕುತ್ತದೆ. ಅದರ ಬೀಜವೂ ಕುದುರೆ ಮಸಾಲೆ ಬೀಜದಷ್ಟೇ ಸಣ್ಣದು, ಕಣ್ಣಿಗೆ ಬೀಳುವುದಿಲ್ಲ. ಮಣ್ಣಿಗೆ ಉದುರಿದರೆ ಎಷ್ಟೋ ವರ್ಷ ಸಾಯುವುದೂ ಇಲ್ಲ. ಅದು ಹೂ ಬಿಡುವ ಮೊದಲೇ ಸುತ್ತಲಿನ ಸೊಪ್ಪನ್ನೂ ಸೇರಿಸಿ ಬುಡಕ್ಕೆ ಕೊಯ್ದು ಸುಟ್ಟೆವು. ಅರ್ಧದಷ್ಟು ಜಾಗ ಬೋಳಾಯಿತು. ‘ಔಷಧಿ ಹೊಡೀರಿ’ ಅಂದ ಅಂಗಡಿಯವರು ಯಾವ ಔಷಧಿ ಅಂತ ಹೇಳಲಿಲ್ಲ. ಹೊಡೆದ ಸೊಪ್ಪನ್ನು ಹಸುವಿಗೆ ಹೇಗೆ ಹಾಕುವುದು ಅಂತಲೂ ಹೇಳಲಿಲ್ಲ.

ಪ್ರಮಾಣಿತ ಬೀಜದಲ್ಲಿ ಕಸ್ಕುಟಾ ಬೀಜ ಎಷ್ಟಿರಬಹುದು ಅನ್ನುವ ಮಿತಿ ನಿಯಮದಲ್ಲೇ ಇದೆ. ಆದರೆ ಆ ಬೀಜ ನಮ್ಮಂಥ ಎರಡು ಹಸುವಿನ ಮನೆಗೆ ತಲುಪುವುದಿಲ್ಲ. ಪರೀಕ್ಷೆ ಮಾಡಿದ ಬೀಜವನ್ನು ಅರ್ಧ ಕಿಲೋ, ಒಂದು ಕಿಲೋ ಪ್ಯಾಕೆಟ್ ಮಾಡಿ ಹಾಲಿನ ಡೇರಿಗಳಲ್ಲೇ ಮಾರಿದರೆ ಸಾಕು. ಸಬ್ಸಿಡಿ ಬೇಡ, ದುಡ್ಡು ಹಾಲಿನ ಬಿಲ್ಲಿನಲ್ಲಿ ಮುರಿದುಕೊಳ್ಳಲಿ. ಬಿತ್ತನೆಗೆ ಅಕ್ಟೋಬರ್, ನವೆಂಬರ್ ಒಳ್ಳೆಯ ಕಾಲ. ಅಷ್ಟರೊಳಗೆ ಬರಬೇಕು.

– ಹೈನುಗಾರಿಕೆ ಮಾಡುವ ರೈತ ಮಹಿಳೆ, ಚಿಂತಾಮಣಿ ತಾಲ್ಲೂಕು