ತಿಲಾವಾ ಹಡಗಿನ ಖಲಾಸಿಯ ಮನೆಯಿಂದ

ಎಂಬತ್ತು ದಾಟಿದ ನಮ್ಮ ಆಯಿ, ಅಂದರೆ ಅಮ್ಮ, ಯುದ್ಧಕಾಲದಲ್ಲಿ ಹಡಗಿನೊಂದಿಗೆ ಮುಳುಗಿದ ತನ್ನ ಅಪ್ಪನ ಹೆಸರನ್ನು ಮೊದಲ ಬಾರಿಗೆ ಅಚ್ಚಿನಲ್ಲಿ ನೋಡಿದಳು. ಅದಕ್ಕೆ ಕಾರಣರಾದ ಎಲ್ಲರಿಗೂ ಮನೆಯವರೆಲ್ಲರ ನಮಸ್ಕಾರ.

ಅಜ್ಜ ಹೊನ್ನಾವರ ಕಡೆಯವರು. ಮಳೆಗಾಲದಲ್ಲಿ ದೋಣಿ ಮೇಲೆಳೆದರೆ ಗಂಜಿಗೂ ತತ್ವಾರ. ಉತ್ತರ ಕನ್ನಡ ಆಗ ಬಾಂಬೆ ಪ್ರಾಂತ್ಯದ ಜಿಲ್ಲೆ, ದುಡಿಮೆ ಹುಡುಕುವವರ ದಾರಿಯೆಲ್ಲ ಬೊಂಬಾಯಿಗೇ. ಹಡಗಿಗೆ ಆಳು ಸೇರಿಸುವವನು ಸಾರಂಗ. ಅವನ ಕೈ ಬಿಸಿ ಮಾಡಲು ಮಾಡಿದ ಸಾಲ ತೀರಿದ ಮೇಲೆಯೇ ಮನೆಗೆ ಹಣ ಬರಬೇಕು. ಖಲಾಸಿಯ ಕೆಲಸವೆಂದರೆ ಡೆಕ್ ತೊಳೆಯುವುದು, ತುಕ್ಕು ಕೆರೆಯುವುದು, ಬಣ್ಣ ಬಳಿಯುವುದು, ಹಗ್ಗ ಎಳೆಯುವುದು. ಸಂಬಳ ಬಿಳಿಯ ನಾವಿಕನದರ ಕಾಲು ಭಾಗದ ಆಸುಪಾಸು. 1939ರಲ್ಲಿ ಯುದ್ಧ ಶುರುವಾದಾಗ ಹೆಚ್ಚಿನ ಕೂಲಿ ಕೇಳಿ ಬ್ರಿಟನ್ನಿನ ಬಂದರುಗಳಲ್ಲಿ ಕೆಲಸ ನಿಲ್ಲಿಸಿದ ಖಲಾಸಿಗಳು ಜೈಲಿಗೆ ಹೋದರು. ಆಮೇಲೆ ಕೂಲಿ ಏರಿತು. ಆಯಿಯ ತೊಟ್ಟಿಲಿಗೆ ಬಂದ ಹಣದಲ್ಲಿ ಅವರ ಪಾಲೂ ಇದೆ. ಹೆಸರೂ ತಿಳಿಯದ ಅವರಿಗೆ ಮೊದಲ ವಂದನೆ.

1942ರ ನವೆಂಬರ್ 20ರಂದು ಬೊಂಬಾಯಿ ಬಿಟ್ಟು ಆಫ್ರಿಕಾದತ್ತ ಹೊರಟ ತಿಲಾವಾ ಹಡಗಿನಲ್ಲಿ 950ಕ್ಕೂ ಹೆಚ್ಚು ಜನರಿದ್ದರು. 23ರ ನಸುಕಿನಲ್ಲಿ ಜಪಾನಿನ ಐ-29 ಸಬ್‌ಮರೀನ್ ಟಾರ್ಪೆಡೊ ಬಿಟ್ಟಿತು. ಹಡಗು ಇನ್ನೂ ತೇಲುತ್ತಿದ್ದಾಗ ಎರಡನೆಯದು ಬಂತು. 280 ಮಂದಿ ತೀರಿಕೊಂಡರು. ಕೊನೆಯವರೆಗೂ ಸಂದೇಶ ಕಳಿಸುತ್ತ ಹಡಗಿನೊಂದಿಗೇ ಹೋದ ರೇಡಿಯೋ ಅಧಿಕಾರಿಗೆ ಕೈ ಮುಗಿಯುತ್ತೇನೆ. ನಮ್ಮ ಅಜ್ಜ ಉಳಿಯಲಿಲ್ಲ, ಆದರೆ 678 ಜೀವ ಉಳಿದವು.

ಅಜ್ಜಿಗೆ ತಲುಪಿದ್ದು ಹಡಗು ಮುಳುಗಿತು ಎಂಬ ಬಾಯಿಮಾತು ಮಾತ್ರ. ತಿಥಿ ಗೊತ್ತಿಲ್ಲದ್ದರಿಂದ ಮಹಾಲಯ ಅಮಾವಾಸ್ಯೆಗೇ ಎಡೆ. ಕೇರಿಯವರು ಬಲೆಯ ಪಾಲಿನಲ್ಲಿ ಅವಳದೂ ಒಂದು ಪಾಲು ತೆಗೆದಿಡುತ್ತಿದ್ದರು. ಆಯಿ ಬೆಳೆದದ್ದು ಆ ಮೀನಿನಲ್ಲಿ. ಅವರ ಮಕ್ಕಳು ಮೊಮ್ಮಕ್ಕಳು ಇದನ್ನು ಓದುತ್ತಿದ್ದರೆ, ನಿಮ್ಮ ಹಿರಿಯರು ಮಾಡಿದ್ದು ನಮ್ಮ ಮನೆಯಲ್ಲಿ ಇಂದಿಗೂ ಮಾತಿಗೆ ಬರುತ್ತದೆ.

ಆ ಹಡಗಿನ ಎರಡು ಸಾವಿರಕ್ಕೂ ಹೆಚ್ಚು ಬೆಳ್ಳಿ ಗಟ್ಟಿಗಳನ್ನು 2017ರಲ್ಲಿ ಕಡಲ ತಳದಿಂದ ಎತ್ತಿದರು. ಅವು ಯಾರವು ಎಂಬ ವ್ಯಾಜ್ಯ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆ ಸುದ್ದಿ ಓದಿ ನನಗೆ ಸಂಕಟವಾಯಿತು. ಬೆಳ್ಳಿಗೆ ಇಷ್ಟು ಕಾಗದಪತ್ರ ಇದ್ದರೆ ಮನುಷ್ಯರಿಗೂ ಇರಲೇಬೇಕು ಅನ್ನಿಸಿತು. ಇತ್ತು. ಯುದ್ಧದಲ್ಲಿ ಮಡಿದವರ ನೆನಪು ಕಾಯುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿಯಲ್ಲಿ, ಮುಂಬಯಿ ಮತ್ತು ಚಿತ್ತಗಾಂಗ್ ಸ್ಮಾರಕಗಳ ಹೆಸರಿನಡಿ, ಸಮುದ್ರವೇ ಸಮಾಧಿಯಾದ ಸುಮಾರು ಆರೂವರೆ ಸಾವಿರ ನಾವಿಕರಿದ್ದಾರೆ. ಇಂಗ್ಲಿಷಿನ ಗುಮಾಸ್ತ ಅಜ್ಜನ ಹೆಸರನ್ನು ಗುರುತು ಸಿಗದಂತೆ ಬರೆದಿದ್ದ. ಕಾಗುಣಿತ ಬದಲಿಸಿ ಬದಲಿಸಿ ಹುಡುಕಿಕೊಟ್ಟವಳು ಪಕ್ಕದ ಮನೆಯ ಕಾಲೇಜು ಹುಡುಗಿ. ಮಗಾ, ನಿನ್ನ ಋಣ ದೊಡ್ಡದು.

ಭಟ್ಟರು ಹಳೆಯ ಪಂಚಾಂಗ ನೋಡಿ, ಹಡಗು ಮುಳುಗಿದ್ದು ಕಾರ್ತಿಕ ಹುಣ್ಣಿಮೆಯ ಆಸುಪಾಸಿನ ದಿನ ಎಂದರು. ಈ ವರ್ಷ ಆಯಿ ಅಪ್ಪನ ತಿಥಿಯನ್ನು ಅವನದೇ ದಿನ ಮಾಡಿಸಿದಳು.

ನಮ್ಮ ಕರಾವಳಿಯಲ್ಲಿ ಹಡಗಿಗೆ ಹೋಗಿ ಬಾರದವರ ಮನೆ ಇನ್ನೂ ಇವೆ. ಊರು, ಹಡಗು, ಅಪ್ಪನ ಹೆಸರು, ಇಷ್ಟು ನೆನಪಿದ್ದರೆ ನನಗೆ ತಿಳಿಸಿ. ಜೊತೆಗೆ ಕೂತು ಹುಡುಕುತ್ತೇನೆ.